ಮಾಂಸಾಹಾರದಿಂದ ಸಸ್ಯಾಹಾರಕ್ಕೆ ಪರಿವರ್ತನೆ

ಮಾಂಸಾಹಾರದಿಂದ ಸಸ್ಯಾಹಾರಕ್ಕೆ ಪರಿವರ್ತನೆ ಎಂದರೆ ಮಾಂಸ, ಕೋಳಿ ಮತ್ತು ಮೀನನ್ನು ರೂಢಿಯಿಂದ ಉಣ್ಣುತ್ತಿದ್ದ ವ್ಯಕ್ತಿ ಅಥವಾ ಕುಟುಂಬವು ಅವುಗಳನ್ನು ಶಾಶ್ವತವಾಗಿ ಬಿಟ್ಟು, ಧಾನ್ಯ, ಕಾಳು, ತರಕಾರಿ, ಸೊಪ್ಪು, ಹಣ್ಣು ಹಾಗೂ ಹಾಲಿನ ಪದಾರ್ಥಗಳನ್ನು ಆಧರಿಸಿದ ಆಹಾರಕ್ರಮಕ್ಕೆ ಬದಲಾಗುವ ಪ್ರಕ್ರಿಯೆ. ಕರ್ನಾಟಕದಲ್ಲಿ ಧಾರ್ಮಿಕ ದೀಕ್ಷೆ, ವ್ರತ, ಆರೋಗ್ಯ, ಪ್ರಾಣಿದಯೆ ಮತ್ತು ಪರಿಸರದ ಕಾಳಜಿ ಈ ಬದಲಾವಣೆಗೆ ಮುಖ್ಯ ಪ್ರೇರಣೆಗಳಾಗಿವೆ.

ಭಾರತ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆಯ 2014ರ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟವರಲ್ಲಿ ಸಸ್ಯಾಹಾರಿಗಳು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಕರಾವಳಿಯನ್ನು ಬಿಟ್ಟರೆ, ಉಳಿದ ಭಾಗಗಳ ಮಾಂಸಾಹಾರಿ ಮನೆಗಳಲ್ಲಿಯೂ ವಾರದ ಹೆಚ್ಚಿನ ದಿನಗಳ ಊಟ ಮುದ್ದೆ, ರೊಟ್ಟಿ, ಅನ್ನ, ಸೊಪ್ಪುಸಾರು ಮತ್ತು ಕಾಳುಸಾರುಗಳೇ ಆಗಿರುತ್ತವೆ. ಆದ್ದರಿಂದ ಇಲ್ಲಿ ಬದಲಿ ಅಡುಗೆಯನ್ನು ಹುಡುಕುವುದು ಕಷ್ಟವಲ್ಲ. ಮಾಂಸದಿಂದ ಸಿಗುತ್ತಿದ್ದ ಕೆಲವು ಪೋಷಕಾಂಶಗಳನ್ನು ಬೇರೆ ಕಡೆಯಿಂದ ತುಂಬಿಕೊಳ್ಳುವುದು ಮತ್ತು ಮಾಂಸದೂಟದೊಡನೆ ಹೆಣೆದುಕೊಂಡಿರುವ ಹಬ್ಬ, ನೆಂಟಸ್ತಿಕೆಗಳನ್ನು ಉಳಿಸಿಕೊಳ್ಳುವುದು ಈ ಪರಿವರ್ತನೆಯ ನಿಜವಾದ ತೊಡಕುಗಳಾಗಿವೆ.

ಪರಿಭಾಷೆ ಮತ್ತು ವಿಧಗಳು

ಆಡುಮಾತಿನಲ್ಲಿ ಈ ಬದಲಾವಣೆಯನ್ನು 'ಮಾಂಸ ಬಿಡುವುದು' ಅಥವಾ ಹಳೆಯ ಮೈಸೂರು ಭಾಗದಲ್ಲಿ 'ಬಾಡು ಬಿಡುವುದು' ಎನ್ನುತ್ತಾರೆ. ಬಿಡುವ ಪದಾರ್ಥಗಳನ್ನು ಅನುಸರಿಸಿ ಸಸ್ಯಾಹಾರದಲ್ಲಿ ಹಲವು ವಿಧಗಳಿವೆ.

ಕ್ಷೀರ ಸಸ್ಯಾಹಾರ: ಮಾಂಸ, ಮೀನು, ಮೊಟ್ಟೆ ವರ್ಜ್ಯ, ಹಾಲು, ಮೊಸರು, ಬೆಣ್ಣೆ, ತುಪ್ಪ ಸ್ವೀಕಾರಾರ್ಹ. ಭಾರತದಲ್ಲಿ ಸಸ್ಯಾಹಾರವೆಂದರೆ ಸಾಮಾನ್ಯವಾಗಿ ಇದೇ.

ಮೊಟ್ಟೆ ಸಹಿತ ಸಸ್ಯಾಹಾರ: ಹಾಲಿನೊಂದಿಗೆ ಮೊಟ್ಟೆಯನ್ನೂ ಸೇವಿಸುವ ಕ್ರಮ. ಪರಿವರ್ತನೆಯ ನಡುವಿನ ಹಂತವಾಗಿ ಹಲವರು ಇದನ್ನು ಅನುಸರಿಸುತ್ತಾರೆ.

ಜೈನ ಆಹಾರ: ಮಾಂಸ ಮತ್ತು ಮೊಟ್ಟೆಯ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮೊದಲಾದ ಗೆಡ್ಡೆಗಳನ್ನೂ ಜೇನುತುಪ್ಪವನ್ನೂ ವರ್ಜಿಸುವ ಕ್ರಮ.

ವೀಗನ್ ಆಹಾರ: ಹಾಲು ಸೇರಿದಂತೆ ಪ್ರಾಣಿಮೂಲದ ಯಾವುದನ್ನೂ ಸೇವಿಸದ ಕ್ರಮ. ಈ ಹೆಸರು 1944ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪನೆಯಾದ ವೀಗನ್ ಸೊಸೈಟಿಯೊಂದಿಗೆ ಬಳಕೆಗೆ ಬಂದಿತು.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪೊಟ್ಟಣದ ಸಸ್ಯಾಹಾರಿ ಪದಾರ್ಥಗಳ ಮೇಲೆ ಹಸಿರು ಚೌಕದೊಳಗೆ ಹಸಿರು ಚುಕ್ಕೆ ಇರಬೇಕು. ಮಾಂಸಾಹಾರದ ಗುರುತು ಮೊದಲು ಕಂದು ಚುಕ್ಕೆಯಾಗಿತ್ತು; 2020ರ ನಿಯಮಾವಳಿಯಲ್ಲಿ ಅದು ಚೌಕದೊಳಗಿನ ಕಂದು ತ್ರಿಕೋನವಾಯಿತು. ಈ ವರ್ಗೀಕರಣದಲ್ಲಿ ಮೊಟ್ಟೆ ಮಾಂಸಾಹಾರಕ್ಕೂ, ಹಾಲು ಮತ್ತು ಜೇನುತುಪ್ಪ ಸಸ್ಯಾಹಾರಕ್ಕೂ ಸೇರುತ್ತವೆ. ಹೊಸದಾಗಿ ಮಾಂಸ ಬಿಟ್ಟವರು ಕೇಕು, ಜೆಲ್ಲಿ, ಸಿದ್ಧ ಸೂಪುಗಳಂತಹ ಪದಾರ್ಥಗಳಲ್ಲಿ ಮೊಟ್ಟೆ, ಜೆಲಟಿನ್ ಮುಂತಾದವು ಇವೆಯೇ ಎಂದು ತಿಳಿಯಲು ಈ ಗುರುತು ನೆರವಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಕರ್ನಾಟಕದಲ್ಲಿ ಮಾಂಸ ತ್ಯಜಿಸುವ ಆಚಾರಕ್ಕೆ ದೀರ್ಘ ಇತಿಹಾಸವಿದೆ. ಶ್ರವಣಬೆಳಗೊಳವನ್ನು ಕೇಂದ್ರವಾಗಿ ಹೊಂದಿದ್ದ ಜೈನ ಧರ್ಮವು ಗಂಗ, ರಾಷ್ಟ್ರಕೂಟ ಮತ್ತು ಹೊಯ್ಸಳರ ಕಾಲದಲ್ಲಿ ಅಹಿಂಸೆಯನ್ನು ಗೃಹಸ್ಥರ ಆಹಾರನಿಯಮವಾಗಿಯೂ ಪ್ರಚಾರ ಮಾಡಿತು. 13ನೆಯ ಶತಮಾನದ ಆರಂಭದಲ್ಲಿ ಜನ್ನ ಕವಿ ರಚಿಸಿದ 'ಯಶೋಧರ ಚರಿತೆ'ಯ ಕಥಾವಸ್ತುವೇ ಈ ಪ್ರಶ್ನೆಗೆ ಸಂಬಂಧಿಸಿದೆ. ದೇವಿಗೆ ಜೀವಂತ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನೂ ಅವನ ತಾಯಿಯೂ ಸಂಕಲ್ಪಹಿಂಸೆಯ ಫಲವಾಗಿ ಹಲವು ಜನ್ಮಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ನರಳುತ್ತಾರೆ. ಅದೇ ಶತಮಾನದ ಮಧ್ವಾಚಾರ್ಯರು ಯಜ್ಞದಲ್ಲಿ ಜೀವಂತ ಪಶುವಿನ ಬದಲು ಹಿಟ್ಟಿನಿಂದ ಮಾಡಿದ ಪಶುವನ್ನು, ಅಂದರೆ ಪಿಷ್ಟಪಶುವನ್ನು, ಬಳಸಬೇಕೆಂದು ವಿಧಿಸಿದರೆಂದು ಮಾಧ್ವ ಸಂಪ್ರದಾಯ ಹೇಳುತ್ತದೆ. ಹಿಂಸೆಯನ್ನು ಬಿಡುವಾಗ ಅದರ ಅನುಕರಣೆ ಸಲ್ಲುವುದೇ ಎಂಬ ವಿಷಯದಲ್ಲಿ ಈ ಎರಡು ನಿಲುವುಗಳು ಬೇರೆಬೇರೆಯಾಗಿದ್ದುದನ್ನು ಇದರಿಂದ ತಿಳಿಯಬಹುದು.

12ನೆಯ ಶತಮಾನದ ಶರಣ ಚಳವಳಿಯು ನಾನಾ ಕಸುಬುಗಳ ಜನರನ್ನು ಇಷ್ಟಲಿಂಗ ದೀಕ್ಷೆಯ ಮೂಲಕ ಒಂದುಗೂಡಿಸಿತು. ದೀಕ್ಷೆ ಪಡೆದವರಿಗೆ ಮದ್ಯ ಮಾಂಸಗಳು ವರ್ಜ್ಯವಾದವು. ಒಬ್ಬ ವ್ಯಕ್ತಿಯ ಆಯ್ಕೆಯಾಗಿ ಉಳಿಯದೆ ಇಡೀ ಸಮುದಾಯದ ನಡಾವಳಿಯಾಗಿ ನೆಲೆನಿಂತ ಪರಿವರ್ತನೆಗೆ ಲಿಂಗಾಯತ ಸಮುದಾಯ ಕರ್ನಾಟಕದ ಅತಿ ದೊಡ್ಡ ನಿದರ್ಶನವಾಗಿದೆ.

ಆಧುನಿಕ ಕಾಲದಲ್ಲಿ ಈ ಬದಲಾವಣೆಯ ಸಾಮಾಜಿಕ ಮುಖವನ್ನು ಗುರುತಿಸಿದವರು ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್. 1952ರಲ್ಲಿ ಪ್ರಕಟವಾದ, ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತ ಗ್ರಂಥದಲ್ಲಿ ಅವರು 'ಸಂಸ್ಕೃತೀಕರಣ' ಎಂಬ ಪರಿಕಲ್ಪನೆಯನ್ನು ಮಂಡಿಸಿದರು. ಶ್ರೇಣಿಯಲ್ಲಿ ಕೆಳಗೆ ಇಡಲಾದ ಜಾತಿಯೊಂದು ಸಸ್ಯಾಹಾರ, ಮದ್ಯವರ್ಜನೆ ಮೊದಲಾದ ಆಚಾರಗಳನ್ನು ಅಳವಡಿಸಿಕೊಂಡು ಒಂದೆರಡು ತಲೆಮಾರುಗಳಲ್ಲಿ ಮೇಲಿನ ಸ್ಥಾನವನ್ನು ಪಡೆಯಲು ಯತ್ನಿಸುವುದನ್ನು ಈ ಪದ ಸೂಚಿಸುತ್ತದೆ. ರಾಜ್ಯದಲ್ಲಿ 1959ರ ಪ್ರಾಣಿಬಲಿ ತಡೆ ಕಾಯಿದೆಯು ದೇವಸ್ಥಾನಗಳ ಆವರಣದಲ್ಲಿ ಬಲಿಯನ್ನು ನಿಷೇಧಿಸಿತು. ಬೂದುಗುಂಬಳಕಾಯಿ ಒಡೆಯುವಂತಹ ಬದಲಿ ಆಚರಣೆಗಳು ಅನೇಕ ಕಡೆ ರೂಢಿಯಲ್ಲಿವೆ.

ಕಾಲಬದ್ಧ ವರ್ಜನೆ

ಮಾಂಸ ತಿನ್ನುವ ಕನ್ನಡ ಕುಟುಂಬಗಳಲ್ಲಿ ನಿಗದಿತ ಕಾಲದವರೆಗೆ ಮಾಂಸವನ್ನು ಬಿಡುವ ಪದ್ಧತಿ ವ್ಯಾಪಕವಾಗಿದೆ. ಮನೆದೇವರಿಗೆ ಅನುಗುಣವಾಗಿ ಸೋಮವಾರ, ಗುರುವಾರ ಅಥವಾ ಶನಿವಾರ ಮಾಂಸ ಮಾಡದಿರುವುದು, ಶ್ರಾವಣ ಮಾಸವಿಡೀ ಬಿಡುವುದು, ಶಬರಿಮಲೆ ಯಾತ್ರೆಗೆ ಮಾಲೆ ಧರಿಸಿದವರು 41 ದಿನಗಳ ವ್ರತದಲ್ಲಿ ಬಿಡುವುದು ಇದಕ್ಕೆ ಉದಾಹರಣೆಗಳು. ವ್ರತ ಮುಗಿದ ಮೇಲೆ ಹೆಚ್ಚಿನವರು ಮೊದಲಿನ ಆಹಾರಕ್ಕೆ ಮರಳುತ್ತಾರೆ. ಶಾಶ್ವತವಾಗಿ ಬದಲಾಗಬಯಸುವವರಿಗೆ ಇಂತಹ ವ್ರತಕಾಲವು ಪರಿಚಿತವಾದ ಆರಂಭವಾಗುತ್ತದೆ; ಆ ಅವಧಿಯ ಅಡುಗೆ ಮನೆಯವರಿಗೆ ಈಗಾಗಲೇ ಗೊತ್ತಿರುತ್ತದೆ.

ಸರ್ಕಾರದ ಆದೇಶದಿಂದ ಉಂಟಾಗುವ ವಿರಾಮಗಳೂ ಇವೆ. ಗಾಂಧಿ ಜಯಂತಿ, ಮಹಾವೀರ ಜಯಂತಿ, ಬುದ್ಧ ಪೂರ್ಣಿಮೆ, ಶ್ರೀರಾಮನವಮಿ ಮೊದಲಾದ ದಿನಗಳಂದು ಬೆಂಗಳೂರು ಮಹಾನಗರ ಪಾಲಿಕೆ ಪ್ರಾಣಿವಧೆಯನ್ನೂ ಮಾಂಸ ಮಾರಾಟವನ್ನೂ ನಿಷೇಧಿಸುತ್ತಿತ್ತು. ಯಲಹಂಕ ವಾಯುನೆಲೆಯಲ್ಲಿ 2023ರ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆದಾಗ ನೆಲೆಯಿಂದ 10 ಕಿ.ಮೀ. ಸುತ್ತಳತೆಯಲ್ಲಿ ಮಾಂಸ, ಕೋಳಿ ಮತ್ತು ಮೀನಿನ ಮಾರಾಟವನ್ನು ಕೆಲವು ವಾರ ನಿಲ್ಲಿಸಲಾಗಿತ್ತು. ಬಿಸಾಡಿದ ಮಾಂಸದ ಚೂರುಗಳಿಗೆ ಹದ್ದು ಮುಂತಾದ ಪಕ್ಷಿಗಳು ನೆರೆದು ವಿಮಾನಗಳಿಗೆ ಡಿಕ್ಕಿಯಾಗುವ ಅಪಾಯವೇ ಇದಕ್ಕೆ ಕಾರಣ. ತಣಿಸಂದ್ರ, ಯಲಹಂಕ ಮುಂತಾದ ಉತ್ತರ ಬೆಂಗಳೂರಿನ ಪ್ರದೇಶಗಳು ಈ ವ್ಯಾಪ್ತಿಯವು. ಇಂತಹ ವಿರಾಮವು ಹೊರಗಿನಿಂದ ಬಂದದ್ದಾದ್ದರಿಂದ ಅದನ್ನು ಆಹಾರ ಪರಿವರ್ತನೆ ಎಂದು ಪರಿಗಣಿಸಲಾಗುವುದಿಲ್ಲ.

ಕಾರಣಗಳು

ಧಾರ್ಮಿಕ ಕಾರಣಗಳ ಜೊತೆಗೆ ಇಂದು ಆರೋಗ್ಯದ ಕಾರಣವೂ ಪ್ರಮುಖವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಸಾಸೇಜ್, ಬೇಕನ್ ಮುಂತಾದ ಸಂಸ್ಕರಿತ ಮಾಂಸವನ್ನು ಕ್ಯಾನ್ಸರ್‌ಕಾರಕವೆಂದೂ, ಕುರಿ, ದನ, ಹಂದಿಗಳ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್‌ಕಾರಕವೆಂದೂ ವರ್ಗೀಕರಿಸಿತು. ಈ ವರ್ಗೀಕರಣ ಸಂಸ್ಕರಿಸದ ಮೀನು ಮತ್ತು ಕೋಳಿಗೆ ಅನ್ವಯಿಸುವುದಿಲ್ಲ. ಪರಿಸರದ ದೃಷ್ಟಿಯಿಂದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯು ಮಾನವ ಚಟುವಟಿಕೆಗಳಿಂದಾಗುವ ಹಸಿರುಮನೆ ಅನಿಲಗಳ ಬಿಡುಗಡೆಯಲ್ಲಿ ಜಾನುವಾರು ಸಾಕಣೆಯ ಪಾಲು ಶೇ. 14.5 ಎಂದು ಅಂದಾಜಿಸಿದೆ. ಈ ಲೆಕ್ಕದಲ್ಲಿ ಹೈನುಗಾರಿಕೆಯೂ ಸೇರಿದೆ.

ಮಾಂಸ ಬಿಟ್ಟ ಮಾತ್ರಕ್ಕೆ ಆರೋಗ್ಯ ಸುಧಾರಿಸುತ್ತದೆ ಎನ್ನಲಾಗದು. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಸಕ್ಕರೆ, ವನಸ್ಪತಿ ಮತ್ತು ಕರಿದ ತಿಂಡಿಗಳೇ ಹೆಚ್ಚಾಗಿರುವ ಸಸ್ಯಾಹಾರವು ಮಧುಮೇಹ ಮತ್ತು ಹೃದ್ರೋಗದ ಅಪಾಯವನ್ನು ಕಡಿಮೆ ಮಾಡುವುದಿಲ್ಲ.

ಕರ್ನಾಟಕದ ಅಡುಗೆಯಲ್ಲಿ ಪರ್ಯಾಯಗಳು

ಹಳೆಯ ಮೈಸೂರು ಭಾಗ: ರಾಗಿಮುದ್ದೆಯೊಡನೆ ಬಸ್ಸಾರು, ಉಪ್ಪೆಸರು, ಮಸ್ಸೊಪ್ಪು ಮತ್ತು ಮೊಳಕೆ ಹುರುಳಿಕಾಳಿನ ಸಾರು ಇಲ್ಲಿನ ನಿತ್ಯದ ಊಟ. ಮಾಂಸದ ಸಾರಿಗೆ ಅರೆಯುವ ಕೊತ್ತಂಬರಿ, ಚಕ್ಕೆ, ಲವಂಗ, ಶುಂಠಿ, ಬೆಳ್ಳುಳ್ಳಿ, ತೆಂಗಿನಕಾಯಿಯ ಮಸಾಲೆಯನ್ನೇ ಹಿತಕಿದ ಅವರೆಬೇಳೆ, ಅಣಬೆ, ಎಳೆ ಹಲಸಿನಕಾಯಿ ಅಥವಾ ಬದನೆಕಾಯಿಗೆ ಬಳಸಲಾಗುತ್ತದೆ. ನಾಟಿ ಅವರೆ ಚಳಿಗಾಲದ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ-3 ಮತ್ತು ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದವನ್ನು ಅವಲಂಬಿಸದೆ ಹೂಬಿಡುವುದರಿಂದ ಉಳಿದ ಕಾಲಗಳಲ್ಲಿಯೂ ಅವರೆಕಾಯಿ ದೊರೆಯುವಂತಾಯಿತು.

ಉತ್ತರ ಕರ್ನಾಟಕ: ಜೋಳದ ರೊಟ್ಟಿ, ಮಡಿಕೆಕಾಳು ಮತ್ತು ಹೆಸರುಕಾಳಿನ ಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮತ್ತು ಅಗಸಿ ಚಟ್ನಿ ಇಲ್ಲಿನ ಊಟದಲ್ಲಿ ಸೇರಿವೆ. ಮೀನಿನಲ್ಲಿರುವ ಒಮೆಗಾ-3 ಕೊಬ್ಬಿನಾಮ್ಲಗಳ ಸಸ್ಯರೂಪವು ಅಗಸೆಯಲ್ಲಿ ಹೇರಳವಾಗಿದೆ. ಅದರ ಸ್ವಲ್ಪ ಭಾಗವನ್ನಷ್ಟೇ ದೇಹವು ಮೀನಿನಲ್ಲಿರುವ ರೂಪಕ್ಕೆ ಪರಿವರ್ತಿಸಿಕೊಳ್ಳುತ್ತದೆ.

ಕರಾವಳಿ: ಮೀನು ನಿತ್ಯದ ಆಹಾರವಾಗಿರುವುದರಿಂದ ಇಲ್ಲಿ ಬದಲಾವಣೆ ಹೆಚ್ಚು ಗಮನ ಬೇಡುತ್ತದೆ. ಕುಚ್ಚಲಕ್ಕಿ ಅನ್ನದೊಡನೆ ಅಲಸಂಡೆ ಬೀಜ, ಕಡಲೆ, ಹೆಸರು, ಬಸಳೆ, ಹಲಸಿನ ಬೀಜಗಳ ಗಸಿ ಮತ್ತು ಕೊದ್ದೆಲು ಮೀನಿನ ಸಾರಿನ ಜಾಗವನ್ನು ತುಂಬುತ್ತವೆ. ಒಣಮೀನು ಅಥವಾ ಒಣಸಿಗಡಿ ಸೇರಿಸಿದ ಚಟ್ನಿಗಳನ್ನು ಹೊಸದಾಗಿ ಬದಲಾದವರು ಗಮನಿಸಬೇಕಾಗುತ್ತದೆ.

ಪೋಷಕಾಂಶಗಳ ಸಮತೋಲನ

ಪ್ರೋಟೀನು: ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಪ್ರೋಟೀನು ಬೇಕು. 65 ಕಿಲೋ ತೂಕದ ಪುರುಷರಿಗೆ ಇದು ಸುಮಾರು 54 ಗ್ರಾಂ, 55 ಕಿಲೋ ತೂಕದ ಮಹಿಳೆಯರಿಗೆ ಸುಮಾರು 46 ಗ್ರಾಂ ಆಗುತ್ತದೆ. ದಿನದ ಊಟದಲ್ಲಿ 150 ಗ್ರಾಂ ರಾಗಿಹಿಟ್ಟು (11 ಗ್ರಾಂ), 100 ಗ್ರಾಂ ಅಕ್ಕಿ (8 ಗ್ರಾಂ), 50 ಗ್ರಾಂ ಹುರುಳಿಕಾಳು (11 ಗ್ರಾಂ), 40 ಗ್ರಾಂ ತೊಗರಿಬೇಳೆ (9 ಗ್ರಾಂ), ಹಾಲು ಮತ್ತು ಮೊಸರು ಸೇರಿ 400 ಮಿಲಿಲೀಟರ್ (13 ಗ್ರಾಂ) ಹಾಗೂ 25 ಗ್ರಾಂ ಕಡಲೆಕಾಯಿ (6 ಗ್ರಾಂ) ಇದ್ದರೆ ಒಟ್ಟು ಸುಮಾರು 58 ಗ್ರಾಂ ಪ್ರೋಟೀನು ಸಿಗುತ್ತದೆ. ಇದೇ ಊಟದಿಂದ ಹುರುಳಿಕಾಳು ಹಾಗೂ ಹಾಲು ಮೊಸರನ್ನು ತೆಗೆದರೆ ಉಳಿಯುವುದು 34 ಗ್ರಾಂ ಮಾತ್ರ. ಮಾಂಸವನ್ನು ಬಿಟ್ಟು ಅನ್ನ ತಿಳಿಸಾರಿಗೆ ಸೀಮಿತವಾದವರಲ್ಲಿ ಕೊರತೆ ಕಾಣಿಸಿಕೊಳ್ಳುವುದು ಹೀಗೆ. ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲವೂ ಕಾಳುಗಳಲ್ಲಿ ಮಿಥಿಯೋನಿನ್ ಎಂಬುದೂ ಕಡಿಮೆ. ಎರಡನ್ನೂ ಒಂದೇ ದಿನದ ಆಹಾರದಲ್ಲಿ ಸೇರಿಸಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬಿ12 ಜೀವಸತ್ವ: ಪರಿವರ್ತನೆಯಲ್ಲಿ ಅತ್ಯಂತ ಎಚ್ಚರ ಬೇಕಾದ ಪೋಷಕಾಂಶವಿದು. ಇದರ ಸಹಜ ಮೂಲಗಳು ಮಾಂಸ, ಮೀನು, ಮೊಟ್ಟೆ ಮತ್ತು ಹಾಲು. ಸೊಪ್ಪು, ಕಾಳು, ಹುದುಗಿಸಿದ ದೋಸೆಹಿಟ್ಟು ಇವುಗಳಿಂದ ಸಾಕಷ್ಟು ಬಿ12 ಸಿಗುವುದೆಂದು ನಂಬುವಂತಿಲ್ಲ. ವಯಸ್ಕರಿಗೆ ಭಾರತದಲ್ಲಿ ಶಿಫಾರಸು ಮಾಡಿರುವ ಪ್ರಮಾಣ ದಿನಕ್ಕೆ 2.2 ಮೈಕ್ರೋಗ್ರಾಂ. ಯಕೃತ್ತಿನಲ್ಲಿ ಹಿಂದಿನಿಂದ ಸಂಗ್ರಹವಾಗಿರುವ ಬಿ12 ಕೆಲವು ವರ್ಷಗಳವರೆಗೆ ಸಾಲುವುದರಿಂದ, ಮಾಂಸ ಬಿಟ್ಟವರಿಗೆ ಮೊದಮೊದಲು ಯಾವ ತೊಂದರೆಯೂ ಕಾಣುವುದಿಲ್ಲ. ಆಮೇಲೆ ಆಯಾಸ, ನಾಲಿಗೆ ಉರಿ, ಕೈಕಾಲು ಜೋಮು, ನಡಿಗೆಯಲ್ಲಿ ತೂರಾಟ, ಮರೆವು ಮುಂತಾದ ಲಕ್ಷಣಗಳು ನಿಧಾನವಾಗಿ ಬರುತ್ತವೆ. ಇವನ್ನು ವಯಸ್ಸಿನ ಸಹಜ ಪರಿಣಾಮವೆಂದು ಕಡೆಗಣಿಸಿದರೆ ನರಗಳಿಗೆ ಆದ ಹಾನಿ ಪೂರ್ಣವಾಗಿ ಸರಿಹೋಗದಿರಬಹುದು. ಫೋಲಿಕ್ ಆಮ್ಲದ ಮಾತ್ರೆ ರಕ್ತಹೀನತೆಯನ್ನು ಮರೆಮಾಡಬಲ್ಲದು, ಆದರೆ ನರಗಳ ಹಾನಿಯನ್ನು ತಡೆಯದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಔಷಧಿಯನ್ನು ದೀರ್ಘಕಾಲ ಸೇವಿಸುವವರಲ್ಲಿ ಬಿ12 ಹೀರಿಕೆ ಕುಗ್ಗುವುದರಿಂದ ಅವರು ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಹಾಲನ್ನೂ ಬಿಟ್ಟವರಿಗೆ ಬಿ12 ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ ಅನಿವಾರ್ಯವಾಗಿದೆ.

ಕಬ್ಬಿಣ ಮತ್ತು ಸತು: ಮಾಂಸದ ಕಬ್ಬಿಣಕ್ಕಿಂತ ಸಸ್ಯಗಳ ಕಬ್ಬಿಣವನ್ನು ದೇಹ ಕಡಿಮೆ ಹೀರಿಕೊಳ್ಳುತ್ತದೆ. ಊಟದೊಂದಿಗೆ ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಸೇವಿಸಿದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆಗೆ ಅಥವಾ ಊಟವಾದ ಕೂಡಲೇ ಕುಡಿಯುವ ಕಾಫಿ, ಚಹಾ ಅದನ್ನು ತಗ್ಗಿಸುತ್ತವೆ. ಕಾಳನ್ನು ನೆನೆಸಿ ಮೊಳಕೆ ಕಟ್ಟುವುದರಿಂದಲೂ ಹಿಟ್ಟನ್ನು ಹುದುಗಿಸುವುದರಿಂದಲೂ ಕಬ್ಬಿಣ ಮತ್ತು ಸತುವಿನ ಹೀರಿಕೆಗೆ ಅಡ್ಡಿಯಾಗುವ ಫೈಟೇಟ್ ಅಂಶ ಕಡಿಮೆಯಾಗುತ್ತದೆ.

ಕ್ಯಾಲ್ಸಿಯಂ ಮತ್ತು ಅಯೋಡಿನ್: 100 ಗ್ರಾಂ ರಾಗಿಯಲ್ಲಿ ಸುಮಾರು 340ರಿಂದ 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮೀನನ್ನು ಬಿಟ್ಟವರಿಗೆ ಅಯೋಡಿನ್‌ಯುಕ್ತ ಉಪ್ಪು ಅಯೋಡಿನ್ನಿನ ಮುಖ್ಯ ಮೂಲವಾಗುತ್ತದೆ.

ಗರ್ಭಿಣಿಯರು, ಎದೆಹಾಲು ಉಣಿಸುವ ತಾಯಂದಿರು, ಬೆಳೆಯುವ ಮಕ್ಕಳು, ವೃದ್ಧರು ಹಾಗೂ ಮೂತ್ರಪಿಂಡದ ತೊಂದರೆ ಇರುವವರು ವೈದ್ಯರ ಸಲಹೆಯೊಂದಿಗೆ ಆಹಾರವನ್ನು ಬದಲಿಸುವುದು ಸೂಕ್ತ. ತಾಯಿಗೆ ಬಿ12 ಕೊರತೆಯಿದ್ದರೆ ಎದೆಹಾಲು ಕುಡಿಯುವ ಮಗುವಿನ ಬೆಳವಣಿಗೆಯೂ ಕುಂಠಿತವಾಗಬಹುದು.

ಪರಿವರ್ತನೆಯ ಕ್ರಮ

ಒಂದೇ ದಿನದಲ್ಲಿ ಎಲ್ಲವನ್ನೂ ಬಿಡುವವರೂ ಇದ್ದಾರೆ, ಹಂತಹಂತವಾಗಿ ಬಿಡುವವರೂ ಇದ್ದಾರೆ. ಹಂತದ ಕ್ರಮದಲ್ಲಿ ಸಾಮಾನ್ಯವಾಗಿ ಮೊದಲು ಮಾಂಸದೂಟದ ದಿನಗಳನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಅನಂತರ ಕೆಂಪು ಮಾಂಸ, ಕೋಳಿ, ಮೀನು ಎಂಬ ಅನುಕ್ರಮದಲ್ಲಿ ಬಿಟ್ಟು, ಕೊನೆಗೆ ಮೊಟ್ಟೆಯ ವಿಷಯವನ್ನು ತೀರ್ಮಾನಿಸಲಾಗುತ್ತದೆ. ಪ್ರತಿ ಹಂತದಲ್ಲಿಯೂ ಒಂದನ್ನು ತೆಗೆಯುವಾಗ ಕಾಳು, ಸೋಯಾ, ಪನೀರ್ ಅಥವಾ ಮೊಸರಿನಂತಹ ಇನ್ನೊಂದನ್ನು ಸೇರಿಸುವುದು ಮುಖ್ಯ.

ಕಾಳಿನ ಪ್ರಮಾಣ ಒಮ್ಮೆಲೇ ಹೆಚ್ಚಿದರೆ ಹೊಟ್ಟೆಯುಬ್ಬರ ಬರುತ್ತದೆ. ಕಾಳನ್ನು ರಾತ್ರಿಯಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಚೆನ್ನಾಗಿ ಬೇಯಿಸಿ, ಇಂಗು, ಜೀರಿಗೆ, ಶುಂಠಿಗಳ ಒಗ್ಗರಣೆ ಕೊಡುವುದು ಮನೆಗಳಲ್ಲಿ ರೂಢಿಯಲ್ಲಿರುವ ಪರಿಹಾರ. ಪ್ರಮಾಣವನ್ನು ಕೆಲವು ವಾರಗಳಲ್ಲಿ ನಿಧಾನವಾಗಿ ಏರಿಸಿದರೆ ದೇಹ ಹೊಂದಿಕೊಳ್ಳುತ್ತದೆ. ಆರಂಭದಲ್ಲಿ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆ ಮಾಡಿಸಿಕೊಂಡರೆ ಕೊರತೆಯನ್ನು ಬೇಗ ಗುರುತಿಸಬಹುದು.

ಕುಟುಂಬ ಮತ್ತು ಸಮಾಜ

ಮನೆಯಲ್ಲಿ ಒಬ್ಬರು ಮಾತ್ರ ಮಾಂಸ ಬಿಟ್ಟಾಗ ಅಡುಗೆ ಮಾಡುವವರ ಕೆಲಸ ಇಮ್ಮಡಿಯಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ಈ ಹೊರೆ ಹೆಂಗಸರ ಮೇಲೆ ಬೀಳುತ್ತದೆ. ಪಾತ್ರೆ, ಸೌಟುಗಳನ್ನು ಪ್ರತ್ಯೇಕಿಸುವುದು, ಒಂದೇ ಮಸಾಲೆ ಅರೆದು ಎರಡು ಪಾತ್ರೆಗಳಲ್ಲಿ ಸಾರು ಮಾಡುವುದು, ಬದಲಾದವರೇ ತಮ್ಮ ಅಡುಗೆಯ ಪಾಲನ್ನು ವಹಿಸಿಕೊಳ್ಳುವುದು ಇದಕ್ಕೆ ಕಂಡುಕೊಂಡ ದಾರಿಗಳು.

ಹಬ್ಬಗಳು ಇನ್ನೂ ಸೂಕ್ಷ್ಮವಾದವು. ಯುಗಾದಿಯ ಮರುದಿನದ ಹೊಸತೊಡಕು, ಊರಹಬ್ಬ, ಮಾರಮ್ಮನ ಜಾತ್ರೆ, ಮದುವೆಯ ನಂತರದ ಬೀಗರೂಟ ಇವು ಹಳೆಯ ಮೈಸೂರು ಭಾಗದಲ್ಲಿ ಬಾಡೂಟದ ಸಂದರ್ಭಗಳು. ಮಹಾಲಯ ಅಮಾವಾಸ್ಯೆಯ ವೇಳೆಗೆ ಅನೇಕ ಸಮುದಾಯಗಳು ಗತಿಸಿದ ಹಿರಿಯರಿಗೆ ಇಷ್ಟವಾಗಿದ್ದ ಮಾಂಸದಡುಗೆಯನ್ನು ಎಡೆ ಇಡುತ್ತವೆ. ಮನೆಯ ಹಿರಿಮಗ ಅಥವಾ ಸೊಸೆ ಮಾಂಸ ಬಿಟ್ಟಾಗ ಈ ಎಡೆ ನಿಲ್ಲಬೇಕೇ, ಮುಂದುವರಿಯಬೇಕೇ ಎಂಬ ಪ್ರಶ್ನೆ ಏಳುತ್ತದೆ. ಕೆಲವರು ಎಡೆಯನ್ನು ಸಿಹಿ ಅಡುಗೆಗೆ ಬದಲಿಸುತ್ತಾರೆ. ಕೆಲವರು ಮಾಡಿ ಬಡಿಸಿ ತಾವು ಮಾತ್ರ ಉಣ್ಣದೆ ಇರುತ್ತಾರೆ. ಇನ್ನು ಕೆಲವರು ಆ ಹೊಣೆಯನ್ನು ದಾಯಾದಿಗಳಿಗೆ ವಹಿಸುತ್ತಾರೆ.

ತಣಿಸಂದ್ರವು ಹಳ್ಳಿಯಿಂದ ಬಡಾವಣೆಯಾಗಿ ಬೆಳೆದ ಪ್ರದೇಶ. ಇಂತಹ ಕಡೆ ಊರಿನ ಮೂಲ ನಿವಾಸಿಗಳು, ಮಾನ್ಯತಾ ಟೆಕ್ ಪಾರ್ಕಿನಂತಹ ಕಚೇರಿಗಳಿಗೆ ಬಂದವರು ಮತ್ತು ನಾನಾ ಧರ್ಮ, ರಾಜ್ಯಗಳ ಕುಟುಂಬಗಳು ಅಕ್ಕಪಕ್ಕದಲ್ಲಿ ವಾಸಿಸುತ್ತವೆ. ಬೆಂಗಳೂರಿನ ಬಾಡಿಗೆ ಮನೆಗಳ ಜಾಹೀರಾತುಗಳಲ್ಲಿ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಷರತ್ತು ಕಾಣುವುದುಂಟು. ಬಾಡಿಗೆಗಾಗಿ ಮಾಂಸ ಬಿಡುವುದು ಅಥವಾ ಬಿಟ್ಟಂತೆ ನಡೆದುಕೊಳ್ಳುವುದು ಸ್ವಂತ ಇಚ್ಛೆಯ ಪರಿವರ್ತನೆಗಿಂತ ಭಿನ್ನವಾದ ಸಂಗತಿ.

ಚರ್ಚೆ ಮತ್ತು ವಿಮರ್ಶೆ

ಸಸ್ಯಾಹಾರವನ್ನು ಶುದ್ಧಿಯೊಡನೆಯೂ ಮಾಂಸಾಹಾರವನ್ನು ಮೈಲಿಗೆಯೊಡನೆಯೂ ತಳಕು ಹಾಕುವುದನ್ನು ದಲಿತ ಮತ್ತು ಪ್ರಗತಿಪರ ಚಿಂತಕರು ಟೀಕಿಸಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ನಡೆದ 87ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕುಗಳ ಸಾಲಿನಲ್ಲಿ ನಿಷೇಧಿಸಿದ್ದಕ್ಕೆ ವಿರೋಧ ವ್ಯಕ್ತವಾಗಿ, ಸಮ್ಮೇಳನದಲ್ಲಿ ಬಾಡೂಟ ಬೇಕೆಂಬ ಬೇಡಿಕೆ ಎದ್ದಿತು.

ಮಕ್ಕಳ ಆಹಾರದ ವಿಷಯದಲ್ಲಿ ಈ ಚರ್ಚೆ ತೀವ್ರವಾಗಿದೆ. 2021ರ ಡಿಸೆಂಬರ್‌ನಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಅಪೌಷ್ಟಿಕತೆ ನಿವಾರಣೆಗಾಗಿ ಮೊಟ್ಟೆ ವಿತರಣೆ ಆರಂಭವಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ಬೇಕೆಂದು ವಿದ್ಯಾರ್ಥಿಗಳೂ ಪೋಷಕರೂ ದನಿಯೆತ್ತಿದರು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ವ್ಯವಸ್ಥೆಯಾಯಿತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದ್ದು ಬಿ12 ಕೂಡ ದೊರೆಯುತ್ತದೆ. ಬಾಳೆಹಣ್ಣಿನಲ್ಲಿ ಪ್ರೋಟೀನು ಒಂದೆರಡು ಗ್ರಾಂ ಮಾತ್ರ, ಬಿ12 ಇಲ್ಲ.

ಹಾಲು, ಕಾಳು, ಹಣ್ಣುಗಳನ್ನು ಸಾಕಷ್ಟು ಕೊಳ್ಳಬಲ್ಲ ಮನೆಗೆ ಮಾಂಸ ಬಿಡುವುದು ಒಂದು ಆಯ್ಕೆ. ವಾರದ ಒಂದು ಮಾಂಸದೂಟ ಮತ್ತು ಶಾಲೆಯ ಮೊಟ್ಟೆಯೇ ಸತ್ವಯುತ ಆಹಾರವಾಗಿರುವ ಬಡ ಕುಟುಂಬದಲ್ಲಿ, ಬದಲಿಯಿಲ್ಲದೆ ಅವುಗಳನ್ನು ತೆಗೆದರೆ ಮಗುವಿನ ಬೆಳವಣಿಗೆಗೆ ಧಕ್ಕೆಯಾಗುತ್ತದೆ. ಈ ಕಾರಣದಿಂದ ಪೋಷಣಾ ತಜ್ಞರು ವಯಸ್ಕರ ಸ್ವಇಚ್ಛೆಯ ಪರಿವರ್ತನೆಯನ್ನೂ ಮಕ್ಕಳ ಸಾರ್ವಜನಿಕ ಆಹಾರ ಯೋಜನೆಗಳನ್ನೂ ಬೇರೆಬೇರೆಯಾಗಿ ಪರಿಶೀಲಿಸುತ್ತಾರೆ.